ವಿದ್ಯಾರ್ಥಿಗಳ ಕೈಗೆ ಕೆಲಸ ಬಿಟ್ಟು ನೋಡಿದ ನನ್ನ ಅನುಭವ

ಕಾಲೇಜಿನಲ್ಲಿ ನಾಯಕತ್ವ ಶಿಬಿರ ಅಂದರೆ ಏನು ನಡೆಯುತ್ತದೆ ಅಂತ ನಿಮಗೂ ಗೊತ್ತಿರುತ್ತದೆ. ಹೊರಗಿನಿಂದ ಒಬ್ಬರು ಬರುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ. ವಿದ್ಯಾರ್ಥಿಗಳು ಎರಡು ಆಟ ಆಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಪ್ರಮಾಣಪತ್ರ ತಗೊಂಡು ಮನೆಗೆ ಹೋಗುತ್ತಾರೆ. ಮಾರನೇ ದಿನ ಸಂಘದ ಕೋಣೆಯಲ್ಲಿ ಬಲ್ಬು ಹೋಗಿದ್ದರೆ ಯಾರಿಗೆ ಹೇಳಬೇಕು ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ನಾನು ಪಾಠ ಮಾಡುವವಳು. ಅದರ ಜೊತೆಗೆ ಕೆಲವು ವರ್ಷಗಳಿಂದ ವಿದ್ಯಾರ್ಥಿಗಳ ಸಮುದಾಯ ಕೆಲಸದ ಗುಂಪನ್ನೂ ನೋಡಿಕೊಳ್ಳುತ್ತಿದ್ದೇನೆ. ಈ ಹೊಣೆ ಬಂದಾಗಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ನಾಯಕತ್ವದ ಬಗ್ಗೆ ಪಾಠ ಮಾಡುವುದು ಬೇಡ. ನಿಜವಾದ ಕೆಲಸ, ನಿಜವಾದ ನಿರ್ಧಾರ, ಅದು ಕೆಟ್ಟರೆ ಬರುವ ಬೈಗುಳ, ಮೂರನ್ನೂ ಅವರ ಕೈಗೇ ಕೊಡೋಣ. ಹೇಗೆ ಕೊಟ್ಟೆ, ಏನನ್ನು ಕೊಡಲಿಲ್ಲ ಅನ್ನುವುದನ್ನು ಬರೆಯುತ್ತಿದ್ದೇನೆ.

ಗುಂಪಿಗೆ ಜನರನ್ನು ಆರಿಸಲು ನಾವು ಚುನಾವಣೆ ಇಡಲಿಲ್ಲ. ಚುನಾವಣೆ ತಪ್ಪು ಅಂತಲ್ಲ, ವಿದ್ಯಾರ್ಥಿ ಸಂಘಕ್ಕೆ ಅದು ಬೇಕೇ ಬೇಕು. ಆದರೆ ಅದರಲ್ಲಿ ಗೆಲ್ಲುವುದು ಎಲ್ಲರಿಗೂ ಪರಿಚಯ ಇರುವವರು. ವಾರ ವಾರ ಹೊತ್ತಿಗೆ ಸರಿಯಾಗಿ ಬಂದು ಬೀಗ ತೆಗೆಯುವವರು ಬೇರೆಯೇ ಇರುತ್ತಾರೆ. ಅವರನ್ನು ಹುಡುಕಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ. ಕೇಳುತ್ತಿದ್ದದ್ದು ಮುಖ್ಯವಾಗಿ ಮೂರು ವಿಷಯ. ಸುತ್ತಮುತ್ತ ಏನನ್ನು ನೋಡಿದರೆ ನಿನಗೆ ಸಿಟ್ಟು ಬರುತ್ತದೆ? ನಿನ್ನ ಮಾತನ್ನು ಯಾರು ಕೇಳುತ್ತಾರೆ? ವಾರಕ್ಕೆ ನಿಜವಾಗಿ ಎಷ್ಟು ಹೊತ್ತು ಕೊಡಬಲ್ಲೆ? ಮೂರನೇ ಪ್ರಶ್ನೆಗೆ 'ಎಷ್ಟು ಬೇಕಾದರೂ ಮೇಡಂ' ಅಂದವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತಿದ್ದೆ. 'ಗುರುವಾರ ಸಂಜೆ ಎರಡು ತಾಸು, ಬೇರೆ ದಿನ ಆಗಲ್ಲ' ಅಂದವರು ಈಗಲೂ ಗುರುವಾರ ಸಂಜೆ ಬರುತ್ತಾರೆ.

ಈ ಒಬ್ಬೊಬ್ಬರ ಜೊತೆ ಮಾತುಕತೆ ಜನರನ್ನು ಸಂಘಟಿಸುವವರ ಹಳೇ ರೂಢಿ. ಅಮೆರಿಕದ ಮಾರ್ಷಲ್ ಗ್ಯಾನ್ಜ್ ಎಂಬವರು 1964ರಲ್ಲಿ ಹಾರ್ವರ್ಡ್ ಓದನ್ನು ಅರ್ಧಕ್ಕೆ ಬಿಟ್ಟು ಮಿಸಿಸಿಪ್ಪಿಗೆ ನಾಗರಿಕ ಹಕ್ಕುಗಳ ಹೋರಾಟಕ್ಕೆ ಹೋದರು. ಆಮೇಲೆ ಸೀಸರ್ ಚಾವೇಜ್ ಅವರ ಜೊತೆ ಹೊಲದ ಕೂಲಿಗಳ ಸಂಘದಲ್ಲಿ 16 ವರ್ಷ ದುಡಿದರು. ಕೊನೆಗೆ ಅದೇ ಹಾರ್ವರ್ಡ್‌ಗೆ ಮರಳಿ ಓದು ಮುಗಿಸಿ, ಸಂಘಟನೆಯನ್ನೇ ಪಾಠ ಮಾಡತೊಡಗಿದರು. ಅವರ ಪಾಠದಲ್ಲಿ ಈ ಮಾತುಕತೆಗೆ ದೊಡ್ಡ ಜಾಗ ಇದೆ. ಮುಂದೆ ಏನಾಗುತ್ತದೋ ಗೊತ್ತಿಲ್ಲದ ಹೊತ್ತಿನಲ್ಲಿ, ಬೇರೆಯವರು ಗುರಿ ಮುಟ್ಟುವ ಹಾಗೆ ಮಾಡುವ ಹೊಣೆ ಹೊರುವುದೇ ನಾಯಕತ್ವ ಅಂತ ಅವರು ಹೇಳುತ್ತಾರೆ. 'ಬೇರೆಯವರು' ಅನ್ನುವ ಕಡೆ ನಾನು ಅಡಿಗೆರೆ ಎಳೆದುಕೊಂಡಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗುಂಪು ಸೇರಿದ ಕೂಡಲೇ ಎಲ್ಲರಿಗೂ ಏನಾದರೂ ಮಾಡಿಬಿಡುವ ಆತುರ. ಕಾಲೇಜಿನ ಪಕ್ಕದ ಬಡಾವಣೆಯಲ್ಲಿ ಸ್ವಚ್ಛತಾ ಅಭಿಯಾನ ಮಾಡೋಣ ಅಂದರು. ಟೀಶರ್ಟಿನ ಬಣ್ಣದವರೆಗೆ ಚರ್ಚೆ ಹೋಗಿತ್ತು. ನಾನು ಬೇಡ ಅನ್ನಲಿಲ್ಲ. ಒಂದೇ ಷರತ್ತು ಹಾಕಿದೆ. ಮೊದಲ ಕೆಲವು ವಾರ ಬ್ಯಾನರ್ ಇಲ್ಲ, ಟೀಶರ್ಟ್ ಇಲ್ಲ, 'ನಾವು ನಿಮಗೆ ಇದು ಮಾಡಿಕೊಡುತ್ತೇವೆ' ಎಂಬ ಮಾತೂ ಇಲ್ಲ. ಇಬ್ಬಿಬ್ಬರಾಗಿ ಹೋಗಿ ಮಾತಾಡಿಸಿ ಬನ್ನಿ, ಅಷ್ಟೇ.

ಇಲ್ಲಿ ಇವಾನ್ ಇಲ್ಲಿಚ್ ಎಂಬ ಚಿಂತಕರನ್ನು ನೆನೆಯಬೇಕು. 1968ರ ಏಪ್ರಿಲ್‌ನಲ್ಲಿ, ಮೆಕ್ಸಿಕೋದ ಹಳ್ಳಿಗಳ ಸೇವೆಗೆ ಅಂತ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರು ನಿಂತು ಅವರು ಮುಖಕ್ಕೆ ಹೊಡೆದ ಹಾಗೆ ಮಾತಾಡಿದರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಅಂದರು. ನಾನು ಅವರಷ್ಟು ಕಟುವಾಗಿ ಹೋಗಲಾರೆ. ಆದರೆ ಆ ಭಾಷಣವನ್ನು ಪ್ರತಿ ಹೊಸ ಗುಂಪಿಗೂ ಓದಿಸುತ್ತೇನೆ. ಓದಿದ ಮೇಲೆ ಒಂದಿಬ್ಬರು ಮುನಿಸಿಕೊಳ್ಳುತ್ತಾರೆ, ಉಳಿದವರು ಜಗಳ ತೆಗೆಯುತ್ತಾರೆ. ಆ ಜಗಳ ನನಗೆ ಬೇಕು.

ಬಡಾವಣೆಯಲ್ಲಿ ಏನು ಕೇಳಬೇಕು ಅನ್ನುವುದನ್ನು ಗುಂಪೇ ಕೂತು ಬರೆದುಕೊಂಡಿತು. 'ನಿಮ್ಮ ಸಮಸ್ಯೆ ಏನು?' ಅನ್ನುವ ಪ್ರಶ್ನೆಯನ್ನು ಬಿಟ್ಟೆವು. ಹಾಗೆ ಕೇಳಿದರೆ ಜನ ಒಂದು ಪಟ್ಟಿ ಕೊಡುತ್ತಾರೆ, ಅದರಲ್ಲಿ ಅರ್ಧ ನಮ್ಮ ಕೈಯಲ್ಲಿ ಆಗದ್ದು. ಅದರ ಬದಲು 'ಇಲ್ಲಿ ಯಾರಿಗಾದರೂ ಕಷ್ಟ ಬಂದರೆ ಮೊದಲು ಯಾರ ಮನೆ ಬಾಗಿಲು ತಟ್ಟುತ್ತಾರೆ?' ಅಂತ ಕೇಳಿದೆವು. ಊರಿನ ಕೊರತೆಯನ್ನು ಎಣಿಸುವ ಮೊದಲು ಊರಿನಲ್ಲಿ ಇರುವುದನ್ನು ಎಣಿಸಿ ಅನ್ನುವ ದಾರಿ ಇದು. ಇದನ್ನು 1993ರಲ್ಲಿ ಜಾನ್ ಕ್ರೆಟ್ಜ್‌ಮನ್ ಮತ್ತು ಜಾನ್ ಮ್ಯಾಕ್‌ನೈಟ್ ವಿವರವಾಗಿ ಬರೆದಿದ್ದಾರೆ. ಸಮುದಾಯದ ಕೆಲಸ ಕಲಿಯುವವರು ಅನೇಕರು ಇದನ್ನು ಓದುತ್ತಾರೆ.

ಬೇರೆ ಬೇರೆ ಜೋಡಿಗಳು ಬೇರೆ ಬೇರೆ ಬೀದಿಗೆ ಹೋದರೂ ಎಲ್ಲರೂ ತಂದ ಹೆಸರು ಒಂದೇ. ಬಟ್ಟೆ ಹೊಲಿಯುವ ಒಬ್ಬ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದರು. ನಮ್ಮವರು ಅವರ ಮನೆಗೆ ಹೋಗಿ ಸ್ವಚ್ಛತೆಯ ಮಾತೆತ್ತಿದರು. ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, 'ಗುಡಿಸೋಕೆ ನಮಗೆ ಬರುತ್ತೆ ಮಗಾ. ಇದನ್ನ ಓದಿ ಹೇಳೋಕೆ ಬರುತ್ತಾ?' ಅಂತ ಒಂದು ಕಾಗದ ಮುಂದೆ ಹಿಡಿದರು. ಯಾರದೋ ಪಿಂಚಣಿ ಅರ್ಜಿ ವಾಪಸ್ ಬಂದಿತ್ತು. ಯಾಕೆ ಬಂತು ಅಂತ ಆ ಬೀದಿಯಲ್ಲಿ ಯಾರಿಗೂ ಅರ್ಥ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕಾಗದ ನಮ್ಮ ಅಂತಿಮ ವರ್ಷದವರಿಗೂ ಒಂದೇ ಓದಿಗೆ ಅರ್ಥವಾಗಲಿಲ್ಲ. ಕಚೇರಿಯ ಭಾಷೆ ಹಾಗಿರುತ್ತದೆ.

ಸ್ವಚ್ಛತಾ ಅಭಿಯಾನ ಅಲ್ಲಿಗೆ ನಿಂತಿತು. ಬಡಾವಣೆಯ ಸಮುದಾಯ ಭವನದ ಒಂದು ಮೂಲೆಯಲ್ಲಿ ಮೇಜು ಹಾಕಿ, ಅರ್ಜಿ ತುಂಬಿಕೊಡುವ, ಬಂದ ಪತ್ರ ಓದಿ ಹೇಳುವ ಕೆಲಸ ಶುರುವಾಯಿತು. ವಾರಕ್ಕೆ ಎರಡು ಸಂಜೆ. ಕೇಳಲು ಸಣ್ಣ ಕೆಲಸ. ಆದರೆ ಇದರಲ್ಲಿ ಇರುವ ಅಪಾಯಗಳು ಗಿಡ ನೆಡುವ ಕಾರ್ಯಕ್ರಮದಲ್ಲಿ ಇರುವುದಿಲ್ಲ. ಜನ ತಮ್ಮ ಗುರುತಿನ ಚೀಟಿ, ಬ್ಯಾಂಕಿನ ಪುಸ್ತಕ, ಆಸ್ಪತ್ರೆಯ ಕಾಗದ ಎಲ್ಲ ತಂದು ಮೇಜಿನ ಮೇಲೆ ಇಡುತ್ತಾರೆ. ಇಪ್ಪತ್ತು ವರ್ಷದ ಹುಡುಗನನ್ನು ನಂಬಿ ಇಡುತ್ತಾರೆ.

ಹಾಗಾಗಿ ಮೇಜು ಹಾಕುವ ಮೊದಲು ಗುಂಪು ಒಂದು ಹಾಳೆ ನಿಯಮ ಬರೆಯಿತು. ಯಾರ ದಾಖಲೆಯನ್ನೂ ನಮ್ಮ ಫೋನಿನಲ್ಲಿ ಫೋಟೋ ತೆಗೆಯುವಂತಿಲ್ಲ. ಒಟಿಪಿ ಬಂದರೆ ಅವರೇ ಒತ್ತಬೇಕು, ನಾವು ಬಾಯಲ್ಲಿ ಕೇಳುವಂತಿಲ್ಲ. ಪಾಸ್‌ವರ್ಡನ್ನು ಅವರ ಮನೆಯವರು ಬರೆದಿಟ್ಟುಕೊಳ್ಳಬೇಕು. ತುಂಬಿದ ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳಿ, ಒಪ್ಪಿದ ಮೇಲೇ ಸಹಿ. ಗಟ್ಟಿಯಾಗಿ ಅಂದರೆ ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ ಅಲ್ಲ, ಅದಕ್ಕೇ ಮೇಜನ್ನು ಬಾಗಿಲಿನಿಂದ ದೂರ ಹಾಕಿದ್ದು. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ, ಕೇಳಿ ಹೇಳುತ್ತೇನೆ' ಅನ್ನಬೇಕು. ಹಣ ಮುಟ್ಟುವಂತಿಲ್ಲ, ಪ್ರೀತಿಯಿಂದ ಕೊಟ್ಟರೂ.

ಈ ನಿಯಮಗಳಲ್ಲಿ ಕೆಲವು ನನ್ನವು. ಅವನ್ನು ಚರ್ಚೆಗೆ ಬಿಟ್ಟಿರಲಿಲ್ಲ. ವಿದ್ಯಾರ್ಥಿಗಳಿಗೆ ನಿರ್ಧಾರ ಬಿಡುವುದು ಅಂದರೆ ಎಲ್ಲವನ್ನೂ ಬಿಡುವುದು ಅಂತ ನಾನು ತಿಳಿದಿಲ್ಲ. ಜನರ ಗುಟ್ಟು, ಮಕ್ಕಳ ಸುರಕ್ಷತೆ, ಕತ್ತಲಾದ ಮೇಲೆ ಮನೆಗೆ ತಲುಪುವುದು, ಹಣದ ಲೆಕ್ಕಕ್ಕೆ ಇಬ್ಬರ ಸಹಿ, ಈ ನಾಲ್ಕು ನನ್ನ ಹೊಣೆ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ಉಳಿದದ್ದರಲ್ಲಿ ಬಾಯಿ ಹಾಕುವುದಿಲ್ಲ. ಗೆರೆ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಅವರಿಗೂ ಧೈರ್ಯ. ಮಧ್ಯದಲ್ಲಿ ಬಂದು ಗೆರೆ ಎಳೆದರೆ ಆಮೇಲೆ ಅವರು ಏನು ಮಾಡಲೂ ನಮ್ಮ ಮುಖ ನೋಡುತ್ತಾರೆ.

1992ರಲ್ಲಿ ಯುನಿಸೆಫ್‌ಗಾಗಿ ರೋಜರ್ ಹಾರ್ಟ್ ಬರೆದ ಒಂದು ಪುಟ್ಟ ಪ್ರಬಂಧದಲ್ಲಿ ಎಂಟು ಮೆಟ್ಟಿಲಿನ ಏಣಿಯ ಚಿತ್ರ ಇದೆ. 1969ರಲ್ಲಿ ಶೆರಿ ಆರ್ನ್‌ಸ್ಟೀನ್ ಊರಿನ ಜನರ ಪಾಲ್ಗೊಳ್ಳುವಿಕೆಗೆ ಬರೆದಿದ್ದ ಏಣಿಯನ್ನು ಹಾರ್ಟ್ ಚಿಕ್ಕವರಿಗೆ ಹೊಂದಿಸಿದರು. ಕೆಳಗಿನ ಮೂರು ಮೆಟ್ಟಿಲನ್ನು ಅವರು ಪಾಲ್ಗೊಳ್ಳುವಿಕೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರಲ್ಲಿ ಒಂದರ ಹೆಸರು ಅಲಂಕಾರ. ಅತಿಥಿಗಳಿಗೆ ಹೂಗುಚ್ಛ ಕೊಡಲು ಸಾಲಾಗಿ ನಿಲ್ಲಿಸುವ ನಮ್ಮ ವಿದ್ಯಾರ್ಥಿಗಳು ನೆನಪಾಗುತ್ತಾರೆ, ಅಲ್ವಾ? ಆದರೆ ಏಣಿಯ ತುದಿಯಲ್ಲಿ ಇರುವುದು 'ಚಿಕ್ಕವರೇ ಎಲ್ಲ ಮಾಡುವುದು' ಅಲ್ಲ. ಅದು ಏಳನೇ ಮೆಟ್ಟಿಲು. ಎಂಟನೆಯದು, ಚಿಕ್ಕವರು ಶುರು ಮಾಡಿ ದೊಡ್ಡವರ ಜೊತೆ ಕೂತು ತೀರ್ಮಾನಿಸುವುದು. ಸುಮ್ನೆ ಬಿಟ್ಟು ಹೋಗುವುದಕ್ಕೂ ಕೆಲಸವನ್ನು ಅವರ ಕೈಗೆ ಬಿಟ್ಟು ಪಕ್ಕದಲ್ಲಿ ಕೂರುವುದಕ್ಕೂ ಇರುವ ವ್ಯತ್ಯಾಸ ನನಗೆ ಈ ಚಿತ್ರದಲ್ಲಿ ಕಾಣುತ್ತದೆ.

ಸಭೆಯಲ್ಲಿ ನಾನು ಕೂರುವ ಜಾಗವೂ ಹಾಗೇ. ಹಿಂದಿನ ಸಾಲು, ಕಿಟಕಿ ಪಕ್ಕ. ಮುಂದೆ ಕೂತರೆ ಎಲ್ಲರೂ ನನಗೇ ಹೇಳುವ ಹಾಗೆ ಮಾತಾಡುತ್ತಾರೆ. ಅಧ್ಯಕ್ಷತೆ, ಟಿಪ್ಪಣಿ, ಗಡಿಯಾರ ನೋಡುವುದು, ಈ ಮೂರು ಕೆಲಸ ಸಭೆಯಿಂದ ಸಭೆಗೆ ಕೈ ಬದಲಾಗುತ್ತವೆ. ಸಭೆ ಮುಗಿಯುವ ಮುನ್ನ ಟಿಪ್ಪಣಿ ಬರೆದವರು ಎದ್ದು ನಿಂತು ಓದಬೇಕು. ಏನು ತೀರ್ಮಾನ, ಯಾರು ಮಾಡುತ್ತಾರೆ, ಯಾವತ್ತಿನೊಳಗೆ. 'ನೋಡೋಣ', 'ಎಲ್ಲರೂ ಸೇರಿ ಮಾಡೋಣ' ಅನ್ನುವುದನ್ನು ತೀರ್ಮಾನ ಅಂತ ಬರೆಯುವಂತಿಲ್ಲ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ ಅನ್ನುವುದು ಅವರಿಗೆ ಬೇಗನೇ ಗೊತ್ತಾಯಿತು. ನಮ್ಮಲ್ಲಿ ಮೇಲು ಕೀಳಿಲ್ಲ, ಹುದ್ದೆಯೇ ಬೇಡ ಅಂತ ಒಂದು ಬ್ಯಾಚು ಹಟ ಹಿಡಿದಿತ್ತು. ಕೇಳಲು ಚೆನ್ನಾಗಿರುತ್ತದೆ. ಹುದ್ದೆ ಇಲ್ಲದ ಕಡೆ ನಾಲ್ಕು ಜನ ಗೆಳೆಯರು ಮೊಬೈಲಿನಲ್ಲಿ ಮೊದಲೇ ಮಾತಾಡಿಕೊಂಡು ಬರುತ್ತಾರೆ, ಉಳಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಅಮೆರಿಕದ ಮಹಿಳಾ ಹೋರಾಟಗಾರ್ತಿ ಜೋ ಫ್ರೀಮನ್ 1970ರ ದಶಕದ ಶುರುವಿನಲ್ಲೇ ಮಹಿಳಾ ಗುಂಪುಗಳ ಬಗ್ಗೆ ಇದನ್ನೇ ಬರೆದಿದ್ದರು. ಅದನ್ನು ಆ ಬ್ಯಾಚಿಗೆ ಓದಲು ಕೊಟ್ಟೆ. ಅವರೇ ಹುದ್ದೆಗಳನ್ನು ವಾಪಸ್ ತಂದರು, ಅವಧಿಯನ್ನು ಚಿಕ್ಕದು ಮಾಡಿ.

'ಮೇಡಂ, ನೀವೇ ಹೇಳಿಬಿಡಿ' ಅಂತ ಪ್ರತಿ ಸಭೆಯಲ್ಲೂ ಒಮ್ಮೆಯಾದರೂ ಕೇಳುತ್ತಾರೆ. 'ನಿಮ್ಮ ಮುಂದೆ ಇರುವ ಎರಡು ದಾರಿ ಯಾವುವು? ಎರಡರಿಂದಲೂ ಯಾರಿಗೆ ತೊಂದರೆ?' ಅಂತ ತಿರುಗಿ ಕೇಳುತ್ತೇನೆ. ಇದು ಅವರಿಗೆ ಬೇಜಾರಿನ ಸಂಗತಿ. ನನಗೂ ಅಷ್ಟೇ, ಯಾಕೆಂದರೆ ಬಹಳ ಸಲ ಉತ್ತರ ನಾಲಿಗೆಯ ತುದಿಯಲ್ಲಿ ಇರುತ್ತದೆ. ಆಗ ಎಲಾ ಬೇಕರ್ ಅವರನ್ನು ನೆನಪಿಸಿಕೊಳ್ಳುತ್ತೇನೆ. 1960ರ ಫೆಬ್ರವರಿ 1ರಂದು ಅಮೆರಿಕದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ಜನಾಂಗದ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕಟ್ಟೆಯಲ್ಲಿ ಕೂತರು. ಕೆಲವೇ ವಾರಗಳಲ್ಲಿ ಅದು ಊರಿಂದ ಊರಿಗೆ ಹಬ್ಬಿತು. ಏಪ್ರಿಲ್‌ನಲ್ಲಿ ಬೇಕರ್ ಆ ವಿದ್ಯಾರ್ಥಿಗಳನ್ನೆಲ್ಲ ಶಾ ವಿಶ್ವವಿದ್ಯಾಲಯದಲ್ಲಿ ಒಂದೆಡೆ ಸೇರಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು, ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಸ್ಥೆಯಲ್ಲೇ ಇದ್ದರು. ವಿದ್ಯಾರ್ಥಿಗಳನ್ನು ಆ ಸಂಸ್ಥೆಯ ಯುವ ಘಟಕ ಮಾಡಿಕೊಂಡುಬಿಡುವ ಆಲೋಚನೆ ದೊಡ್ಡವರಲ್ಲಿ ಇತ್ತು. ಬೇಕರ್ ಅದಕ್ಕೆ ಒಪ್ಪಲಿಲ್ಲ. ನಿಮ್ಮ ಸಂಘಟನೆ ನಿಮ್ಮದೇ ಇರಲಿ ಅಂತ ವಿದ್ಯಾರ್ಥಿಗಳ ಕಡೆ ನಿಂತರು. ಹಾಗೆ ಹುಟ್ಟಿದ ವಿದ್ಯಾರ್ಥಿ ಸಮಿತಿ ಮುಂದಿನ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸ ಮಾಡಿತು. ನಮ್ಮ ಅರ್ಜಿ ಮೇಜು ಎಲ್ಲಿ, ಅದು ಎಲ್ಲಿ! ಆದರೂ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರಲು ನನಗೆ ಅದೊಂದು ಬಲ.

ಗ್ಯಾನ್ಜ್ ಮಾತಿಗೆ ಅಡಿಗೆರೆ ಎಳೆದಿದ್ದೆ ಅಂದೆನಲ್ಲ. ಒಬ್ಬ ಹುಡುಗ ಇದ್ದ. ಜಾಣ, ಮೈಗಳ್ಳ ಅಲ್ಲ, ಎಲ್ಲರಿಗೂ ಇಷ್ಟ. ಸಂಯೋಜಕನಾದ ಮೇಲೆ ಎಲ್ಲವನ್ನೂ ಅವನೇ ಮಾಡತೊಡಗಿದ. ಬೀಗ ಅವನೇ ತೆಗೆಯುತ್ತಿದ್ದ, ಕಚೇರಿಗೆ ಅವನೇ ಓಡುತ್ತಿದ್ದ, ಯಾರಾದರೂ ಬರದಿದ್ದರೆ ಅವರ ಪಾಳಿಗೂ ಅವನೇ. ಹೊರಗಿನವರಿಗೆ ಅವನು ಆದರ್ಶ ನಾಯಕ. ಮೇಜಿನ ಹತ್ತಿರ ಮಾತ್ರ ದಿನದಿನಕ್ಕೆ ಜನ ಕಮ್ಮಿ. ಬೇರೆಯವರಿಗೆ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ಅವನಿಗೆ ಉಪದೇಶ ಮಾಡಲಿಲ್ಲ. ವಾರದ ಕೊನೆಯಲ್ಲಿ ಅವನನ್ನು ಕರೆದು ಕೇಳುವ ಪ್ರಶ್ನೆಯನ್ನು ಬದಲಿಸಿದೆ, ಅಷ್ಟೇ. 'ಏನೇನು ಮಾಡಿದೆ?' ಅನ್ನುವುದನ್ನು ಬಿಟ್ಟು 'ಯಾರ ಯಾರ ಹತ್ತಿರ ಸಹಾಯ ಕೇಳಿದೆ?' ಅಂತ ಕೇಳತೊಡಗಿದೆ. ಮೊದಮೊದಲು ಮುಖ ಚಿಕ್ಕದು ಮಾಡಿಕೊಳ್ಳುತ್ತಿದ್ದ. 'ಕೇಳಿದರೆ ಸರಿಯಾಗಿ ಮಾಡಲ್ಲ ಮೇಡಂ' ಅಂದ. 'ಯಾರು ಸರಿಯಾಗಿ ಮಾಡಲಿಲ್ಲ, ಅವರಿಗೆ ಹೇಳಿಕೊಟ್ಟದ್ದು ಎಷ್ಟು ಹೊತ್ತು?' ಅಂದೆ. ಆಮೇಲೆ ಅವನೇ ಒಂದು ಉಪಾಯ ಮಾಡಿದ. ಹೊಸಬರು ಮೊದಲು ಪಕ್ಕದಲ್ಲಿ ಕೂತು ನೋಡುವುದು, ಆಮೇಲೆ ಅವರು ಅರ್ಜಿ ತುಂಬುವಾಗ ಹಳಬರು ಪಕ್ಕದಲ್ಲಿ ಕೂರುವುದು, ಅದಾದ ಮೇಲೆ ಒಬ್ಬರೇ. ಈಗಲೂ ನಡೆಯುತ್ತಿರುವುದು ಅದೇ ಪದ್ಧತಿ. ಅವನು ಕಾಲೇಜು ಬಿಟ್ಟು ಹೋದ ಮೇಲೂ ಮೇಜಿನ ಕೆಲಸ ಒಂದು ವಾರವೂ ನಿಲ್ಲಲಿಲ್ಲ. ಅವನ ನಾಯಕತ್ವಕ್ಕೆ ನಾನು ಅಂಕ ಕೊಡುವುದಾದರೆ ಅದಕ್ಕೇ ಕೊಡುತ್ತೇನೆ.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಕಾಲೇಜಿನವರು ಸಮುದಾಯದ ಕೆಲಸಕ್ಕೆ ಇಳಿದಾಗ ಬರುವ ದೊಡ್ಡ ತೊಡಕು ಇದೇ. ನಮ್ಮ ಕಾಲ ಸೆಮಿಸ್ಟರ್ ಲೆಕ್ಕದಲ್ಲಿ ಓಡುತ್ತದೆ, ಜನರ ಕಷ್ಟಕ್ಕೆ ಸೆಮಿಸ್ಟರ್ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ಮೇಜನ್ನು ಮುಚ್ಚಬೇಕೋ ಬೇಡವೋ ಅಂತ ಗುಂಪಿನಲ್ಲಿ ದೊಡ್ಡ ಚರ್ಚೆಯಾಯಿತು. ತೆರೆದೇ ಇಡಬೇಕು, ಇಲ್ಲದಿದ್ದರೆ ಮೋಸ ಅಂತ ಕೆಲವರು. ಫೇಲಾದರೆ ಯಾರು ಹೊಣೆ ಅಂತ ಕೆಲವರು. ಒಬ್ಬಳು ಎದ್ದು, 'ಅಮ್ಮನನ್ನೇ ಕೇಳೋಣ, ನಾವ್ಯಾಕೆ ಇಲ್ಲಿ ಕೂತು ಊಹೆ ಮಾಡ್ತಿದ್ದೀವಿ?' ಅಂದಳು. ಹೋಗಿ ಕೇಳಿದರು. 'ಪರೀಕ್ಷೆ ಬಂದ್ರೆ ನೀವು ಬರಲ್ಲ ಅಂತ ನಮಗೂ ಗೊತ್ತು. ಮುಂಚೆ ಹೇಳಿ ಹೋಗಿ. ಬಾಗಿಲಿಗೆ ಬಂದು ವಾಪಸ್ ಹೋಗೋದು ಕಷ್ಟ' ಅಂದರಂತೆ.

ಅಲ್ಲಿಂದ ಒಂದು ಪದ್ಧತಿ ಬಂತು. ಸೆಮಿಸ್ಟರ್ ಶುರುವಾದಾಗಲೇ ಯಾವ ವಾರ ಮೇಜು ಇರುವುದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಭವನದ ಬಾಗಿಲಿಗೆ ಅಂಟಿಸುತ್ತಾರೆ. ಅರ್ಜಿಯ ಕೊನೇ ದಿನ ಆ ವಾರಗಳಲ್ಲಿ ಬೀಳುತ್ತದೋ ನೋಡಿ, ಅಂಥವನ್ನು ಮೊದಲೇ ಮುಗಿಸುತ್ತಾರೆ. ಜೊತೆಗೆ ಬಡಾವಣೆಯ ಇಬ್ಬರು ಹುಡುಗಿಯರು ಕೆಲಸ ಕಲಿತುಕೊಂಡರು. ಪರೀಕ್ಷೆಯ ವಾರಗಳಲ್ಲಿ ತೀರಾ ತುರ್ತಿದ್ದರೆ ಅವರೇ ನೋಡುತ್ತಾರೆ. ನೋಡುತ್ತಾ ನೋಡುತ್ತಾ ಅವರು ನಮ್ಮವರಿಗಿಂತ ಚುರುಕಾದರು. ಯಾವ ಮನೆಯಲ್ಲಿ ಯಾವ ಕಾಗದ ಇಲ್ಲ ಅಂತ ಅವರಿಗೆ ಕೇಳದೆಯೇ ಗೊತ್ತು.

ಫೋಟೋ ವಿಚಾರದಲ್ಲಿ ಕಾಲೇಜಿನ ಕಡೆಯಿಂದ ಸ್ವಲ್ಪ ಒತ್ತಡ ಇತ್ತು. ವರದಿಗೆ ಫೋಟೋ ಬೇಕು, ಅದರಲ್ಲಿ ಫಲಾನುಭವಿಗಳು ಕಾಣಬೇಕು ಅಂತ ಮೇಲಿನವರು ಕೇಳಿದರು. ನಾನೇ ಹೋಗಿ ಮಾತಾಡಿ ಬಗೆಹರಿಸಬಹುದಿತ್ತು. ಬೇಡ, ನೀವೇ ಹೋಗಿ ಅಂದೆ. ಮೂವರು ಹೋದರು. ಹೋಗುವ ಮೊದಲು ಸಂಘದ ಕೋಣೆಯಲ್ಲಿ ತಾಲೀಮು ನಡೆಸಿದರು. ಒಬ್ಬ ಪ್ರಾಂಶುಪಾಲರ ಹಾಗೆ ಕೂತು ಅಡ್ಡಪ್ರಶ್ನೆ ಹಾಕಿದ, ಸಿಕ್ಕಾಪಟ್ಟೆ ನಗು. ಆದರೆ ನಿಜವಾದ ಮಾತುಕತೆಗೆ ಒಳ್ಳೆ ತಯಾರಿಯಾಗಿತ್ತು. 'ಆಗಲ್ಲ' ಅಂತ ಹೇಳಲು ಹೋಗಲಿಲ್ಲ, ಬೇರೆ ದಾರಿ ಹಿಡಿದುಕೊಂಡೇ ಹೋದರು. ಮುಖ ಕಾಣದ ಹಾಗೆ ಮೇಜು ಮತ್ತು ಕೈಗಳ ಫೋಟೋ, ತಿಂಗಳಿಗೆ ಎಷ್ಟು ಜನ ಬಂದರು ಅನ್ನುವ ಲೆಕ್ಕ, ಬಡಾವಣೆಯವರದೇ ಒಂದು ಪತ್ರ. ಪತ್ರ ಓದಿದ ಮೇಲೆ ಫೋಟೋದ ಮಾತು ಅಷ್ಟಕ್ಕೇ ಮುಗಿಯಿತು. ದೊಡ್ಡ ಹುದ್ದೆಯವರ ಎದುರು ಹೆದರದೆ, ಹಾಗಂತ ಸಿಡುಕದೆ ಮಾತಾಡುವುದನ್ನು ಯಾವ ಶಿಬಿರದಲ್ಲಿ ಕಲಿಸುತ್ತಾರೆ ಹೇಳಿ.

ಪಾಳಿ ಮುಗಿದ ಮೇಲೆ ಹೊರಡುವ ಮುನ್ನ ಎಲ್ಲರೂ ನಿಂತುಕೊಂಡೇ ಸ್ವಲ್ಪ ಹೊತ್ತು ಮಾತಾಡುತ್ತಾರೆ. ಏನಾಯಿತು? ಅದರಿಂದ ಏನು ತಿಳಿಯಿತು? ಈಗ ಏನು ಮಾಡೋಣ? ಟೆರಿ ಬೋರ್ಟನ್ ಎಂಬ ಶಿಕ್ಷಕರು 1970ರಲ್ಲಿ ಬರೆದ ಮೂರು ಪ್ರಶ್ನೆಗಳಿವು. ಕೂತು ಮಾಡಿದರೆ ಎಳೆದಾಡುತ್ತದೆ, ಅದಕ್ಕೆ ನಿಂತು. ಒಂದೇ ಕಾಗದಕ್ಕಾಗಿ ಜನ ಮೂರು ಮೂರು ಸಲ ಕಚೇರಿಗೆ ಅಲೆಯುತ್ತಿದ್ದಾರೆ ಅನ್ನುವುದು ಹೀಗೆ ಮಾತಾಡುವಾಗಲೇ ಬೆಳಕಿಗೆ ಬಂದದ್ದು. ಒಂದೊಂದು ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು. ಅರ್ಧ ಜನ ಮೇಜಿನವರೆಗೂ ಬರದೆ ಪಟ್ಟಿ ನೋಡಿಕೊಂಡೇ ಹೋಗತೊಡಗಿದರು. ವರದಿಯಲ್ಲಿ ಸಂಖ್ಯೆ ಕಮ್ಮಿಯಾಯಿತು, ಕೆಲಸ ಜಾಸ್ತಿಯಾಯಿತು.

ಪ್ರಮಾಣಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಂಟೆ ಲೆಕ್ಕಕ್ಕೆ ಕೊಟ್ಟರೆ ಗಂಟೆ ಬೆಳೆಯುತ್ತದೆ, ಕೆಲಸ ಬೆಳೆಯುವುದಿಲ್ಲ. ಕೇಳಿದವರಿಗೆ ಏನು ಮಾಡಿದರು ಅಂತ ವಿವರವಾಗಿ ಒಂದು ಪತ್ರ ಬರೆದುಕೊಡುತ್ತೇನೆ. ನೌಕರಿಯ ಸಂದರ್ಶನದಲ್ಲಿ ಅದೇ ಜಾಸ್ತಿ ಉಪಯೋಗಕ್ಕೆ ಬಂತು ಅಂತ ಹಳೇ ವಿದ್ಯಾರ್ಥಿಗಳು ಹೇಳಿದ್ದಾರೆ.

ವಿದ್ಯಾರ್ಥಿಗಳ ಕೆಲಸಕ್ಕೆ ಆಯಸ್ಸು ಕಮ್ಮಿ, ಯಾಕೆಂದರೆ ವಿದ್ಯಾರ್ಥಿಗಳೇ ಹೋಗಿಬಿಡುತ್ತಾರೆ. ಅದಕ್ಕೆ ನಮ್ಮ ಹತ್ತಿರ ಇರುವ ಮದ್ದು ಒಂದು ದಪ್ಪ ನೋಟ್‌ಬುಕ್ಕು. ಸಂಯೋಜಕರು ಬದಲಾಗುವ ಮೊದಲು ಹಳಬರು ಹೊಸಬರ ಜೊತೆ ಕೆಲವು ವಾರ ಜೋಡಿಯಾಗಿ ಕೆಲಸ ಮಾಡಬೇಕು, ಆ ನೋಟ್‌ಬುಕ್ಕಿಗೆ ತಮ್ಮ ಪಾಲಿನ ಪುಟ ಬರೆಯಬೇಕು. ಧ್ಯೇಯ, ಉದ್ದೇಶ ಇವೆಲ್ಲ ಅದರಲ್ಲಿ ಇಲ್ಲ. ಭವನದ ಎರಡನೇ ಕೀಲಿ ಯಾರ ಹತ್ತಿರ ಇರುತ್ತದೆ. ಕಚೇರಿಯಲ್ಲಿ ಯಾವ ಹೊತ್ತಿಗೆ ಹೋದರೆ ಸಾಲು ಇರುವುದಿಲ್ಲ. ಯಾವ ಮನೆಯ ಹಿರಿಯರಿಗೆ ಕಿವಿ ಕೇಳಿಸುವುದಿಲ್ಲ, ಎಡಗಡೆ ಕೂರಬೇಕು. ಯಾರಿಗೆ ಮಾತು ಕೊಟ್ಟು ಇನ್ನೂ ಮುಗಿಸಿಲ್ಲ. ಈ ಕೊನೆಯದಕ್ಕೆ ಬೇರೆಯೇ ಪುಟ ಇದೆ, ಕೆಂಪು ಶಾಯಿಯಲ್ಲಿ. ಹೊಸ ಸಂಯೋಜಕರು ಮೊದಲು ಮಾಡಬೇಕಾದದ್ದು ಆ ಪುಟದಲ್ಲಿರುವ ಮನೆಗಳಿಗೆ ಹೋಗಿ ಮುಖ ತೋರಿಸಿ ಬರುವುದು.

ಈಗಿನ ಬ್ಯಾಚಿನಲ್ಲಿ ಹೊಸ ಜಗಳ ಶುರುವಾಗಿದೆ. ಬಡಾವಣೆಯ ಹುಡುಗಿಯರೇ ಮೇಜನ್ನು ನಡೆಸಬಲ್ಲರು, ನಾವು ವಾರಕ್ಕೆ ಒಂದೇ ಸಂಜೆ ಹೋದರೆ ಸಾಕು, ಉಳಿದ ಹೊತ್ತಿನಲ್ಲಿ ಬೇರೆ ಬಡಾವಣೆಗೆ ಹೋಗೋಣ ಅಂತ ಒಂದು ಗುಂಪು. ಹೊಸ ಕಡೆ ನಮ್ಮನ್ನು ಯಾರು ಕರೆದಿದ್ದಾರೆ ಅಂತ ಇನ್ನೊಂದು ಗುಂಪು. ಆ ಹುಡುಗಿಯರನ್ನೂ ಮುಂದಿನ ಸಭೆಗೆ ಕರೆದಿದ್ದಾರೆ, ಅಧ್ಯಕ್ಷತೆ ಅವರಲ್ಲಿ ಒಬ್ಬಳದೇ. ನನಗೆ ಒಂದು ಅಭಿಪ್ರಾಯ ಇದೆ, ಯಾರೂ ಇನ್ನೂ ಕೇಳಿಲ್ಲ. ಸಂಜೆ ಆರರ ನಂತರ ಕೋಣೆ ತೆರೆದಿಡಲು ಕಚೇರಿಯಿಂದ ಅನುಮತಿ ತರುವ ಕೆಲಸ ಮಾತ್ರ ಟಿಪ್ಪಣಿಯಲ್ಲಿ ನನ್ನ ಹೆಸರಿನ ಮುಂದಿದೆ, ಶುಕ್ರವಾರದೊಳಗೆ.